ಸರ್ಕಾರದ ಔಷಧಿ, ಸಿನಿಮಾದ ಅಡ್ಡಪರಿಣಾಮ

ಪ್ರತಿ ವರ್ಷ ಈ ಪುಟದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು ಎಂದು ಬರೆದು ನಿಮ್ಮ ಹಬ್ಬದೂಟದ ರುಚಿ ಕೆಡಿಸುವುದು ನನ್ನ ಪಾಲಿಗೆ ಬಂದ ಕೆಲಸ. ಈ ಸಲ ಹೋಳಿಗೆಯ ಮೇಲೆ ತುಪ್ಪ ಎಷ್ಟು ಹಾಕಿಕೊಂಡಿರಿ ಎಂದು ನಾನು ಕೇಳುವುದಿಲ್ಲ. ಸಿನಿಮಾದ ವಿಷಯ ಮಾತಾಡೋಣ ಎಂದುಕೊಂಡಿದ್ದೇನೆ. ವೈದ್ಯನ ಬಾಯಿಂದ ಬರುವ ಸಿನಿಮಾ ಮಾತಿಗೂ ಒಂದಿಷ್ಟು ಔಷಧಿಯ ವಾಸನೆ ಇದ್ದರೆ ಕ್ಷಮಿಸಿ.

ಇದು ಶುರುವಾದದ್ದು ಕಳೆದ ವರ್ಷದ ಸಮಿತಿ ಸಭೆಯಲ್ಲಿ. ಸೈಪ್ರೆಸ್‌ನ ನಮ್ಮ ಮನೆಯ ಊಟದ ಮೇಜಿನ ಸುತ್ತ ಎಂಟು ಜನ, ನಡುವೆ ಒಂದು ತಟ್ಟೆ ಚಕ್ಕುಲಿ. ಹಬ್ಬದ ಕಾರ್ಯಕ್ರಮಗಳ ಪಟ್ಟಿ ಮುಗಿಯುತ್ತಾ ಬಂದಿತ್ತು. ನಾನು ಮೆಲ್ಲಗೆ, 'ಒಂದು ಭಾನುವಾರ ಲೈಬ್ರರಿಯ ಹಾಲ್ ತಗೊಂಡು ಕಾಸರವಳ್ಳಿಯವರ ಒಂದು ಚಿತ್ರ ತೋರಿಸಿದ್ರೆ ಹೇಗೆ?' ಎಂದೆ. ನನ್ನ ಹಳೆಯ ಸ್ನೇಹಿತರೊಬ್ಬರು (ಅವರು ಸಮಿತಿಯ ಖಜಾಂಚಿಯೂ ಹೌದು) ಚಕ್ಕುಲಿ ಕೆಳಗಿಟ್ಟು ಹೇಳಿದರು: 'ಅವಾರ್ಡ್ ಸಿನಿಮಾನಾ ಡಾಕ್ಟ್ರೇ? ಸರ್ಕಾರ ದುಡ್ಡು ಕೊಟ್ಟು ತೆಗೆಸಿದ್ದು, ಸರ್ಕಾರಾನೇ ಪ್ರಶಸ್ತಿ ಕೊಟ್ಟಿದ್ದು. ನೋಡೋಕೆ ಮಾತ್ರ ನಾವು ಬೇಕಾ? ನಿದ್ದೆ ಬರದೇ ಇರೋರಿಗೆ ಬರ್ಕೊಡಿ, ಒಳ್ಳೆ ಮಾತ್ರೆ ಅದು.'

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವರು ಹೋದ ಮೇಲೆ ಆ ಮಾತು ತಲೆಯಲ್ಲೇ ಉಳಿಯಿತು. ಸರ್ಕಾರದ ದುಡ್ಡಿಗೂ ಹೊಸ ಬಗೆಯ, ಪ್ರಯೋಗದ ಸಿನಿಮಾಕ್ಕೂ ನಿಜವಾಗಿ ಏನು ಸಂಬಂಧ?

ನನ್ನ ವಯಸ್ಸಿನವರಿಗೆ ಟೂರಿಂಗ್ ಟಾಕೀಸಿನ ನೆನಪಿರುತ್ತದೆ. ರಾಜಕುಮಾರ್ ಅವರ ಚಿತ್ರ ನೋಡಲು ಟೆಂಟಿನ ಒಳಗೆ ಮರಳಿನ ಮೇಲೆ ಕೂತರೆ ಮೊದಲು ಬರುತ್ತಿದ್ದದ್ದು ಫಿಲ್ಮ್ಸ್ ಡಿವಿಷನ್‌ನ ಕಪ್ಪು ಬಿಳುಪು ರೀಲು. ಎಲ್ಲೋ ಅಣೆಕಟ್ಟು, ಎಲ್ಲೋ ಪ್ರವಾಹ, ಮಂತ್ರಿಗಳು ರಿಬ್ಬನ್ ಕತ್ತರಿಸುವುದು, ನಡುನಡುವೆ ಕೆಂಪು ತ್ರಿಕೋನದ ಕುಟುಂಬ ಯೋಜನೆ. ದೊಡ್ಡವರು ಆ ಹೊತ್ತಿಗೆ ಬೀಡಿ ಸೇದಲು ಆಚೆ ಹೋಗುತ್ತಿದ್ದರು, ನಾವು ಕಡಲೆಕಾಯಿ ಸುಲಿಯುತ್ತಿದ್ದೆವು. ಇದನ್ನು ಟಾಕೀಸಿನವರು ಇಷ್ಟಪಟ್ಟು ತೋರಿಸುತ್ತಿರಲಿಲ್ಲ. 1948ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಯ ಚಿತ್ರಗಳನ್ನು ಪ್ರತಿ ಆಟದಲ್ಲೂ ಕಡ್ಡಾಯವಾಗಿ ತೋರಿಸಬೇಕಿತ್ತು, ಅದಕ್ಕೆ ಬಾಡಿಗೆಯನ್ನೂ ಕಟ್ಟಬೇಕಿತ್ತು. ನುಂಗಲೇಬೇಕಾದ ಕಹಿ ಔಷಧಿ, ಮೇಲಿಂದ ಅದರ ಬಿಲ್ಲೂ ನಮ್ಮದೇ.

ಇಷ್ಟೇ ಆಗಿದ್ದರೆ ನನ್ನ ಸ್ನೇಹಿತರ ಮಾತಿಗೆ ಎದುರು ಹೇಳಲು ಏನೂ ಇರುತ್ತಿರಲಿಲ್ಲ. ಆದರೆ ಸಭೆಯ ಮಾರನೆಯ ವಾರ ಆನ್ ಕಾಲ್ ಇಲ್ಲದ ಒಂದು ರಾತ್ರಿ ಕಂಪ್ಯೂಟರಿನಲ್ಲಿ ಹಳೆಯ ಫಿಲ್ಮ್ಸ್ ಡಿವಿಷನ್ ಚಿತ್ರಗಳನ್ನು ಹುಡುಕಿ ನೋಡುತ್ತಾ ಕೂತೆ. ಬೆಳಗಿನ ಜಾವ ಎರಡು ಗಂಟೆಯಾದರೂ ಏಳಲಿಲ್ಲ.

ಪ್ರಮೋದ್ ಪತಿ ಎಂಬುವರ 'ಎಕ್ಸ್‌ಪ್ಲೋರರ್' 1968ರದ್ದು. ಏಳು ನಿಮಿಷದ ಆಸುಪಾಸಿನ ಚಿತ್ರ. ವಿವರಣೆ ಕೊಡುವ ಗಂಭೀರ ಗಂಡಸಿನ ಧ್ವನಿಯೇ ಇಲ್ಲ. ಕುಣಿಯುವ ಹುಡುಗರು, ಪೂಜೆ, ಪ್ರಯೋಗಾಲಯ, ಎಲ್ಲ ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ಬಂದು ಹೋಗುತ್ತವೆ. ಅದೇ ವರ್ಷ ಅವರೇ ತೆಗೆದ 'ಕ್ಲಾಕ್ಸ್‌ಪ್ಲೋಷನ್' ಕುಟುಂಬ ಯೋಜನೆಯ ಚಿತ್ರ. ಅದರಲ್ಲಿ ಮನುಷ್ಯರನ್ನೇ ಬೊಂಬೆಗಳಂತೆ ಒಂದೊಂದೇ ಫ್ರೇಮ್ ಸರಿಸಿ ಚಿತ್ರಿಸಿದ್ದಾರೆ. ಎಸ್.ಎನ್.ಎಸ್. ಶಾಸ್ತ್ರಿಯವರ 'ಐ ಆಮ್ 20' 1967ರದ್ದು. ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದ ಹುಡುಗ ಹುಡುಗಿಯರನ್ನು ಮಾತಾಡಿಸಿ, ಅವರು ದೇಶದ ಬಗ್ಗೆ ಹೇಳಿದ ಸಿಹಿ ಕಹಿ ಎರಡನ್ನೂ ಹಾಗೆಯೇ ಇಟ್ಟಿದ್ದಾರೆ. ಚಿತ್ರಕಾರ ಎಂ.ಎಫ್. ಹುಸೇನ್ ಕೈಗೆ ಕ್ಯಾಮೆರಾ ಕೊಟ್ಟು ರಾಜಸ್ಥಾನಕ್ಕೆ ಕಳಿಸಿದ್ದೂ ಇದೇ ಸಂಸ್ಥೆ. ಮಾತಿಲ್ಲದ ಆ ಕಿರುಚಿತ್ರ 1967ರಲ್ಲಿ ಬರ್ಲಿನ್ನಿನಲ್ಲಿ ಚಿನ್ನದ ಕರಡಿ ಗೆದ್ದು ಬಂತು.

ಅಣೆಕಟ್ಟು ತೋರಿಸುವ ಕಚೇರಿಯಲ್ಲಿ ಇದೆಲ್ಲ ಹೇಗೆ ಸಾಧ್ಯವಾಯಿತು? ಪ್ಯಾರಿಸ್ಸಿನಲ್ಲಿ ಯುನೆಸ್ಕೋದಲ್ಲಿದ್ದ ಜೀನ್ ಭೌನಗರಿ ಎಂಬುವರನ್ನು 1965ರಲ್ಲಿ ಕರೆಸಿ ಸಲಹೆಗಾರರನ್ನಾಗಿ ಕೂರಿಸಿದರು. ಕರೆಸಿದವರು ಆಗ ವಾರ್ತಾ ಮಂತ್ರಿಯಾಗಿದ್ದ ಇಂದಿರಾ ಗಾಂಧಿ. ಭೌನಗರಿಯವರು ತರುಣರನ್ನು ಹುಡುಕಿ, 'ನಿನಗೆ ತೋಚಿದಂತೆ ತೆಗೆ' ಎನ್ನುವ ಧೈರ್ಯ ತುಂಬಿದರು. ಎರಡು ವರ್ಷದಲ್ಲಿ ಅವರು ಮರಳಿ ಹೋದರೂ ಆ ಗಾಳಿ ಇನ್ನೂ ಕೆಲವು ಕಾಲ ಬೀಸಿತು. ಸರ್ಕಾರ ಕೇಳುತ್ತಿದ್ದದ್ದು ಸಂದೇಶ ಮಾತ್ರ. ಅದನ್ನು ಹೇಗೆ ಹೇಳಬೇಕು ಎನ್ನುವುದರ ಮೇಲೆ ಕಣ್ಣಿಡುವವರು ಯಾರೂ ಇಲ್ಲದ ಒಂದು ಸಣ್ಣ ಸಂದಿ ಸಿಕ್ಕಿತು. ಪ್ರಯೋಗ ನುಸುಳಿದ್ದು ಆ ಸಂದಿಯಲ್ಲಿ.

ನಮ್ಮ ಕಸುಬಿನಲ್ಲಿ ಇದಕ್ಕೊಂದು ಉದಾಹರಣೆ ಇದೆ. ಮಿನಾಕ್ಸಿಡಿಲ್ ಎಂಬ ಔಷಧಿ ಬಂದದ್ದು ರಕ್ತದೊತ್ತಡ ಇಳಿಸಲು. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆಯಿತು. ಈಗ ಅದನ್ನು ಕೊಳ್ಳುವವರು ಹೆಚ್ಚಾಗಿ ನನ್ನಂಥ ಬೋಳುತಲೆಯವರು. ಸರ್ಕಾರದ ಸಿನಿಮಾದ ಕಥೆಯೂ ಹೀಗೆಯೇ. 'ಕ್ಲಾಕ್ಸ್‌ಪ್ಲೋಷನ್' ನೋಡಿ ಎಷ್ಟು ದಂಪತಿಗಳು ಎರಡಕ್ಕೆ ಸಾಕು ಎಂದರೋ ದೇವರಿಗೇ ಗೊತ್ತು. ಔಷಧಿ ಕೆಲಸ ಮಾಡಿತೋ ಇಲ್ಲವೋ, ಅಡ್ಡಪರಿಣಾಮ ಮಾತ್ರ ಇನ್ನೂ ಉಳಿದಿದೆ.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ಇಲ್ಲಿನ ಅಡ್ಡಪರಿಣಾಮ ಇನ್ನೂ ಸ್ವಾರಸ್ಯವಾದದ್ದು.

ಅರವತ್ತರ ದಶಕದಲ್ಲಿ ಕನ್ನಡ ಚಿತ್ರವೆಂದರೆ ಬಹುಪಾಲು ಮದರಾಸಿನ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದ ಸರಕು. ಕಥೆ ನಮ್ಮದು, ನಟರು ನಮ್ಮವರು, ಖರ್ಚಾಗುವ ದುಡ್ಡು ಮಾತ್ರ ಕೋಡಂಬಾಕಂಗೆ. ಇದನ್ನು ನಮ್ಮ ನೆಲಕ್ಕೆ ತರಬೇಕೆಂದು ಆಗಿನ ಮೈಸೂರು ಸರ್ಕಾರ ರಾಜ್ಯದೊಳಗೆ ತಯಾರಾದ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡಲು ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಅದು ಕಪ್ಪು ಬಿಳುಪು ಚಿತ್ರಕ್ಕೆ 50,000 ರೂಪಾಯಿ, ವರ್ಣಚಿತ್ರಕ್ಕೆ 1 ಲಕ್ಷ. ಸರ್ಕಾರದ ಮನಸ್ಸಿನಲ್ಲಿದ್ದದ್ದು ಉದ್ಯಮ, ಕಲೆಯಲ್ಲ. ಆದರೆ ದೊಡ್ಡ ಬಜೆಟ್ಟಿನವರಿಗೆ ಚಿಲ್ಲರೆಯಾಗಿದ್ದ ಆ ಹಣ, ಒಂದು ಲಕ್ಷದೊಳಗೆ ಚಿತ್ರ ಮುಗಿಸಬಲ್ಲೆವು ಎನ್ನುವ ಹುಚ್ಚರಿಗೆ ಅರ್ಧ ಬಂಡವಾಳ! ಸ್ಟುಡಿಯೋ ಬೇಡ, ಮೇಕಪ್ ಬೇಡ, ಮಲೆನಾಡಿನ ಒಂದು ಅಗ್ರಹಾರ ಸಾಕು ಎನ್ನುವವರಿಗೆ ಬಾಗಿಲು ತಾನಾಗಿ ತೆರೆಯಿತು.

1970ರ 'ಸಂಸ್ಕಾರ' ಆ ಹುಚ್ಚಿನ ಮೊದಲ ಫಲ. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ದುಡ್ಡು ಮತ್ತು ನಿರ್ದೇಶನ. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದ ಟಾಮ್ ಕೋವನ್. ಮದರಾಸಿನ ಸೆನ್ಸಾರಿನವರು ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಕೊನೆಗೆ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಅದೇ ಸರ್ಕಾರ ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನೂ ಕೊಟ್ಟಿತು. ಹಿಂದೆಯೇ 'ವಂಶವೃಕ್ಷ' (1971), 'ಕಾಡು' (1973), 'ಚೋಮನ ದುಡಿ' (1975), 'ಘಟಶ್ರಾದ್ಧ' (1977) ಬಂದವು. 'ಘಟಶ್ರಾದ್ಧ' ತೆಗೆದ ಗಿರೀಶ ಕಾಸರವಳ್ಳಿಯವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಅವರು ಸಿನಿಮಾ ಕಲಿತದ್ದೂ ಪುಣೆಯ ಸರ್ಕಾರಿ ಸಂಸ್ಥೆಯಲ್ಲಿ. ಇದುವರೆಗೆ ಅತ್ಯುತ್ತಮ ಚಿತ್ರವೆಂದು ಕನ್ನಡಕ್ಕೆ ಬಂದ ಆರು ಸ್ವರ್ಣಕಮಲಗಳಲ್ಲಿ ನಾಲ್ಕು ಅವರವೇ.

ಗಮನಿಸಿ, ಇವುಗಳಲ್ಲಿ ಒಂದನ್ನೂ ಸರ್ಕಾರ 'ತೆಗೆಸಲಿಲ್ಲ'. ಕಥೆ ಆರಿಸಲಿಲ್ಲ, ಸಂಭಾಷಣೆ ತಿದ್ದಲಿಲ್ಲ. ನನ್ನ ಸ್ನೇಹಿತರು ಮರೆತದ್ದು ಈ ವ್ಯತ್ಯಾಸವನ್ನು. ಬೆಂಬಲ ಕೊಡುವುದು ಬೇರೆ, ಬಾಯಿ ಪಾಠ ಹೇಳಿಸುವುದು ಬೇರೆ.

ಸರ್ಕಾರದ ಒಂದು ಕೈ ಮಾಡಿದ್ದು ಇನ್ನೊಂದು ಕೈಗೆ ಗೊತ್ತಿರುವುದಿಲ್ಲ ಎನ್ನುವುದಕ್ಕೆ ನಮ್ಮ ಮೈಸೂರಿನ ಎಂ.ಎಸ್. ಸತ್ಯು ಅವರ 'ಗರಂ ಹವಾ' ಸಾಕ್ಷಿ. ದೇಶ ವಿಭಜನೆಯ ಕಾಲದ ಆಗ್ರಾದ ಮುಸ್ಲಿಂ ಕುಟುಂಬದ ಕಥೆ. 1960ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಇದಕ್ಕೆ ಸಾಲ ಕೊಟ್ಟಿತು. ಗಲಭೆಯಾದೀತು ಎಂಬ ಭಯಕ್ಕೆ ಸೆನ್ಸಾರಿನವರು ತಿಂಗಳುಗಟ್ಟಲೆ ತಡೆಹಿಡಿದರು. ಆಮೇಲೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯನ್ನೂ ಸರ್ಕಾರವೇ ಕೊಟ್ಟಿತು. ಚಿತ್ರ ಮೊದಲು ತೆರೆಕಂಡದ್ದು ಬೆಂಗಳೂರಿನಲ್ಲಿ. ಗಲಭೆ ಏನೂ ಆಗಲಿಲ್ಲ, ಜನ ಸಾಲು ನಿಂತು ನೋಡಿದರು ಎನ್ನುವುದು ನಾವು ಹೆಮ್ಮೆಪಡಬೇಕಾದ ಮಾತು.

ಹಾಗೆಂದು ಸರ್ಕಾರವನ್ನು ಹೊಗಳಿ ಮುಗಿಸಲು ಮನಸ್ಸು ಒಪ್ಪುವುದಿಲ್ಲ. ಔಷಧಿಯ ಪ್ರಮಾಣ ಮೀರಿದರೆ ಅದೇ ವಿಷ. 1975ರ ತುರ್ತು ಪರಿಸ್ಥಿತಿಯಲ್ಲಿ ಫಿಲ್ಮ್ಸ್ ಡಿವಿಷನ್‌ನ ಆ ಸಂದಿ ಮುಚ್ಚಿಹೋಯಿತು. 'ಇಂಡಿಯಾ 67' ತೆಗೆದ ಸುಖದೇವ್ ಅವರಂಥ ಪ್ರತಿಭಾವಂತರೇ 1976ರಲ್ಲಿ ತುರ್ತು ಪರಿಸ್ಥಿತಿಯನ್ನು ಮೆಚ್ಚಿ ಚಿತ್ರ ತೆಗೆದರು. ಪ್ರಯೋಗದ ಚಿತ್ರಗಳಿಗೆ ಸಾಲ ಕೊಟ್ಟು ದುಡ್ಡು ಹಾಳು ಮಾಡಿದಿರಿ ಎಂದು ಅದೇ ವರ್ಷ ಸಂಸತ್ತಿನ ಸಮಿತಿಯೊಂದು ಫೈನಾನ್ಸ್ ಕಾರ್ಪೊರೇಷನ್ನನ್ನು ತರಾಟೆಗೆ ತೆಗೆದುಕೊಂಡಿತು. ಇನ್ನು, ಸ್ವರ್ಣಕಮಲ ಪಡೆದ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ? 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿ ಬೆಂಗಳೂರಿನ ಜೈಲಿನಲ್ಲಿ ಇಟ್ಟರು. ಅವರಿಗೆ ಆಸ್ತಮಾ ಇತ್ತು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಬಂದರು, 20ರಂದು ತೀರಿಕೊಂಡರು. ಆಸ್ತಮಾ ನಾನು ವಾರಕ್ಕೆ ಹತ್ತಾರು ಸಲ ನೋಡುವ ಕಾಯಿಲೆ. ಸರಿಯಾದ ಗಾಳಿ, ಹೊತ್ತಿಗೆ ಸರಿಯಾಗಿ ಔಷಧಿ, ಹತ್ತಿರದಲ್ಲಿ ಒಬ್ಬ ವೈದ್ಯ ಇದ್ದರೆ ನಿಭಾಯಿಸಬಹುದಾದದ್ದು. 'ಸಂಸ್ಕಾರ' ನೋಡುವಾಗಲೆಲ್ಲ ನನಗೆ ಈ ಐದು ದಿನಗಳು ನೆನಪಾಗುತ್ತವೆ. ಪದಕ ಕೊಟ್ಟ ಕೈಯೇ ಬೀಗವನ್ನೂ ಹಾಕಿತು.

ಸಹಾಯಧನಕ್ಕೂ ತನ್ನದೇ ಕಾಯಿಲೆ ಅಂಟಿಕೊಂಡಿತು. ಸಹಾಯಧನಕ್ಕೆಂದೇ ಚಿತ್ರ ತೆಗೆಯುವವರು ಹುಟ್ಟಿಕೊಂಡರು. ಯಾವ ಥಿಯೇಟರಿನಲ್ಲೂ ಓಡದ, ಯಾರೂ ನೋಡದ 'ಸಬ್ಸಿಡಿ ಸಿನಿಮಾ' ಎಂಬ ಪದವೇ ಗಾಂಧಿನಗರದಲ್ಲಿ ಬಂತು. ನನ್ನ ಸ್ನೇಹಿತರಿಗೆ ನಿದ್ದೆ ಬರಿಸಿದ್ದು ಬಹುಶಃ ಅಂಥದ್ದೊಂದು ಇರಬೇಕು.

'ಅದೆಲ್ಲ ಇಂಡಿಯಾದ ಕಥೆ, ಅಮೆರಿಕದಲ್ಲಿ ಸರ್ಕಾರಕ್ಕೂ ಸಿನಿಮಾಕ್ಕೂ ಏನು ಸಂಬಂಧ?' ಎನ್ನುವವರಿಗೆ ನಮ್ಮ ಟೆಕ್ಸಾಸಿನ ಎರಡು ಮಾತು. 1936ರಲ್ಲಿ ಅಮೆರಿಕ ಸರ್ಕಾರವೇ ದುಡ್ಡು ಹಾಕಿ ಪೇರ್ ಲೊರೆಂಟ್ಸ್ ಎಂಬುವರಿಂದ 'ದ ಪ್ಲೌ ದಟ್ ಬ್ರೋಕ್ ದ ಪ್ಲೇನ್ಸ್' ಎಂಬ ಚಿತ್ರ ತೆಗೆಸಿತು. ಹುಲ್ಲುಗಾವಲನ್ನೆಲ್ಲ ಉತ್ತು ಮಣ್ಣು ಧೂಳಾಗಿ ಹಾರಿಹೋದ ಕಥೆ. ಅದರ ಒಂದು ಭಾಗ ಚಿತ್ರೀಕರಣವಾದದ್ದು ಡಲ್ಲಾಸಿನಿಂದ ಇನ್ನೂ ಮೇಲಕ್ಕೆ, ನಮ್ಮ ರಾಜ್ಯದ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್ ಸೀಮೆಯಲ್ಲಿ. ಸರ್ಕಾರದ ಚಿತ್ರ ನಮಗೆ ಬೇಡ ಎಂದು ಹಾಲಿವುಡ್ಡಿನ ದೊಡ್ಡ ಕಂಪನಿಗಳು ಮುಖ ತಿರುಗಿಸಿದವು. ಇಂದು ಸಿನಿಮಾ ಕಲಿಯುವವರೆಲ್ಲ ಅದರ ಚಿತ್ರ, ಸಂಗೀತ, ಮಾತಿನ ಲಯ ನೋಡಲು ಕೂರುತ್ತಾರೆ. ಇಲ್ಲೂ ಸಂದೇಶ ಹಳತಾಯಿತು, ಹೇಳಿದ ಬಗೆ ಉಳಿಯಿತು.

ಎರಡನೆಯದು ಈಚಿನದು. 2025ರಲ್ಲಿ ಟೆಕ್ಸಾಸ್ ಶಾಸನಸಭೆ ರಾಜ್ಯದಲ್ಲಿ ಸಿನಿಮಾ ತೆಗೆಯುವವರಿಗೆ ಎರಡು ವರ್ಷಕ್ಕೊಮ್ಮೆ 30 ಕೋಟಿ ಡಾಲರಿನಂತೆ ಹತ್ತು ವರ್ಷ ಪ್ರೋತ್ಸಾಹಧನ ಕೊಡುವ ಕಾನೂನು ಮಾಡಿತು. ಮದರಾಸಿನಿಂದ ಬೆಂಗಳೂರಿಗೆ ಚಿತ್ರರಂಗವನ್ನು ತರಲು ನಾವು ಮಾಡಿದ ಉಪಾಯವೇ, ಸೊನ್ನೆಗಳು ಮಾತ್ರ ಹೆಚ್ಚು. ಆದರೆ ಟೆಕ್ಸಾಸಿನ ಈ ಯೋಜನೆಯಲ್ಲಿ ಮೊದಲಿನಿಂದಲೂ ಒಂದು ಷರತ್ತಿತ್ತು. ರಾಜ್ಯವನ್ನಾಗಲಿ ಇಲ್ಲಿನ ಜನರನ್ನಾಗಲಿ ಕೆಟ್ಟದಾಗಿ ತೋರಿಸುವ ಚಿತ್ರಕ್ಕೆ ಹಣ ನಿರಾಕರಿಸಬಹುದು. ಆಸ್ಟಿನ್ನಿನ ರಾಬರ್ಟ್ ರೋಡ್ರಿಗೆಜ್ ಅವರ 'ಮಚೆಟಿ' ಚಿತ್ರಕ್ಕೆ 2010ರಲ್ಲಿ ಹಣ ಸಿಗದೇ ಹೋದದ್ದು ಇದೇ ಕಾರಣಕ್ಕೆ.

ಇದನ್ನು ಓದಿದಾಗ ನನಗೆ ನೆನಪಾದದ್ದು 'ತಬರನ ಕಥೆ'. ತೇಜಸ್ವಿಯವರ ಕಥೆ, ಕಾಸರವಳ್ಳಿಯವರ 1986ರ ಚಿತ್ರ. ನಿವೃತ್ತನಾದ ಬಡ ಸರ್ಕಾರಿ ನೌಕರ ತಬರ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಗ್ಯಾಂಗ್ರೀನ್ ಆಗಿ ಕೊಳೆಯುತ್ತದೆ. ಚಿಕಿತ್ಸೆಗೆ ಹಣವಿಲ್ಲದೆ ಆ ಕಾಲನ್ನು ಕತ್ತರಿಸಿಕೊಡು ಎಂದು ಅವನು ಕಟುಕನನ್ನು ಬೇಡುತ್ತಾನೆ. 'ನಮ್ಮ ರಾಜ್ಯವನ್ನು ಕೆಟ್ಟದಾಗಿ ತೋರಿಸಬಾರದು' ಎಂಬ ಷರತ್ತು ಎದುರಿಗಿದ್ದಿದ್ದರೆ ಇಂಥ ಚಿತ್ರದ ಗತಿ ಏನಾಗುತ್ತಿತ್ತು? ಸರ್ಕಾರದ ಕಡತದ ಮೇಲೆ ಉಗಿದಂತಿದ್ದ ಆ ಚಿತ್ರಕ್ಕೆ ಸರ್ಕಾರವೇ ಸ್ವರ್ಣಕಮಲ ಕೊಟ್ಟಿತು, ತಬರನಾದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯನ್ನೂ ಕೊಟ್ಟಿತು.

ನಾನು ಅದನ್ನು ನೋಡಿದ್ದು ಪಿಯುಸಿ ಓದುವಾಗ, ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಭಾಷಾ ಚಿತ್ರದ ಹೊತ್ತಿನಲ್ಲಿ. ಕನ್ನಡದ ಸರದಿ ಯಾವಾಗ ಬಂದೀತೆಂದು ಕಾಯುತ್ತಿದ್ದ ಕಾಲ ಅದು. ನಮ್ಮ ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಊಟ ಮುಗಿಸಿ ನನ್ನ ಪಕ್ಕ ಕೂತರು. ಸಾಮಾನ್ಯವಾಗಿ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುವವರು ಅಂದು ಕೊನೆಯವರೆಗೆ ಅಲುಗಾಡಲಿಲ್ಲ. ಮುಗಿದ ಮೇಲೆ ಎದ್ದು ಜಗುಲಿಗೆ ಹೋದರು. ನಾನು ಹಿಂದೆಯೇ ಹೋಗಿ, 'ಹೀಗೆಲ್ಲ ಆಗತ್ತಾ ಅಪ್ಪ?' ಎಂದೆ. ಬಹಳ ಹೊತ್ತಾದ ಮೇಲೆ ಹೇಳಿದರು: 'ಕಾಗದ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗ್ತಾ ಇರತ್ತೆ ಮಗ. ಅದರ ಹಿಂದೆ ಕಾಲು ನೋಯೋರು ಇರ್ತಾರೆ ಅಂತ ನಮಗೂ ನೆನಪಿರಲ್ಲ.'

ನಾನು ವೈದ್ಯನಾದದ್ದು ಆ ಚಿತ್ರದಿಂದ ಅಲ್ಲ. ಆದರೆ ಇಂದಿಗೂ ಇನ್ಶೂರೆನ್ಸ್ ಕಂಪನಿಯವರ ಫಾರಂ ಮೇಜಿನ ಮೇಲೆ ರಾಶಿ ಬಿದ್ದಾಗ ಅಪ್ಪನ ಆ ಮಾತು ಕೇಳಿಸುತ್ತದೆ. ಸಂಜೆ ಮನೆಗೆ ಹೊರಡುವ ಮುಂಚೆ ಇನ್ನೂ ಎರಡಕ್ಕೆ ಸಹಿ ಹಾಕುತ್ತೇನೆ.

'ಇಂಥವು ಜನಕ್ಕೆ ಅರ್ಥವಾಗಲ್ಲ' ಎನ್ನುವುದು ಇನ್ನೊಂದು ಆಕ್ಷೇಪ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಪುಣೆಯ ಸರ್ಕಾರಿ ಫಿಲ್ಮ್ ಆರ್ಕೈವ್ಸ್‌ನಿಂದ ರೀಲುಗಳನ್ನು ತರಿಸಿ, ಅಡಿಕೆ ತೋಟದ ಜನರಿಗೆ 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್', 'ರಾಶೋಮನ್' ತೋರಿಸಿದರು. ಮೊದಲು ಕನ್ನಡದಲ್ಲಿ ಕಥೆ ವಿವರಿಸಿ, ಆಮೇಲೆ ಚರ್ಚೆ ನಡೆಸಿದರು. ಹೆಗ್ಗೋಡಿನ ರೈತರಿಗೆ ಜಪಾನಿನ ಚಿತ್ರ ಅರ್ಥವಾಯಿತು. ಎರಡೆರಡು ಡಿಗ್ರಿ ಪಡೆದ ನಮಗೆ ಮಲೆನಾಡಿನ ಚಿತ್ರ ಅರ್ಥವಾಗುವುದಿಲ್ಲವೇ?

ಈಗ ಆ ಹಳೆಯ ವ್ಯವಸ್ಥೆಯೂ ಇಲ್ಲ. ಫಿಲ್ಮ್ಸ್ ಡಿವಿಷನ್ ಎಂಬ ಪ್ರತ್ಯೇಕ ಸಂಸ್ಥೆಯನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಸಿದ್ದಾರೆ. ಹಳೆಯ ರೀಲು ಉಳಿಸಲು ಈಗ ಬೇರೆ ಬೇರೆ ಕೈಗಳು ಸೇರಬೇಕು. 'ಘಟಶ್ರಾದ್ಧ' ಮತ್ತೆ ಹೊಳಪು ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದರ ಹಿಂದೆ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆ ಇದ್ದವು. ಮಲೆನಾಡಿನ ಬಾಲವಿಧವೆಯ ಕಥೆಗೆ ಅಮೆರಿಕದ ನಿರ್ದೇಶಕರೊಬ್ಬರ ಸಂಸ್ಥೆ ಕೈಜೋಡಿಸಿದೆ. ಅಮೆರಿಕದಲ್ಲೇ ಇರುವ ನಾವು?

ಅಂದಹಾಗೆ, ಕಳೆದ ವರ್ಷ ಆ ಹಾಲ್ ಸಿಕ್ಕಿತು. ಖಜಾಂಚಿಯವರು ಗೊಣಗುತ್ತಲೇ ಬಾಡಿಗೆ ಕೊಟ್ಟರು. ಸ್ನೇಹಿತರೊಬ್ಬರ ಬಳಿ ಇದ್ದ ಹಳೆಯ ಡಿಸ್ಕ್‌ನಿಂದ 'ತಬರನ ಕಥೆ' ಹಾಕಿದೆವು. ಬಂದವರು ಇಪ್ಪತ್ತಮೂರು ಜನ, ನಡುವೆ ಎದ್ದು ಹೋದವರು ನಾಲ್ಕು. ಮುಗಿದ ಮೇಲೆ ಹತ್ತನೇ ಗ್ರೇಡಿನ ಹುಡುಗಿಯೊಬ್ಬಳು ತನ್ನ ಅಜ್ಜಿಯನ್ನು, 'ಅಜ್ಜಿ, ಅವರಿಗೆ ಹೆಲ್ಪ್ ಮಾಡೋಕೆ ಯಾರೂ ಇರ್ಲಿಲ್ವಾ?' ಎಂದು ಕೇಳಿದಳು. ಅಜ್ಜಿ ಉತ್ತರ ಶುರುಮಾಡಿದವರು ಪಾರ್ಕಿಂಗ್ ಲಾಟಿನವರೆಗೂ ನಿಲ್ಲಿಸಲಿಲ್ಲ. ಅವರಿಬ್ಬರೂ ಅಷ್ಟು ಹೊತ್ತು ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಖಜಾಂಚಿಯವರು ಕಾಫಿ ಫ್ಲಾಸ್ಕ್ ಹತ್ತಿರ ನಿಂತಿದ್ದರು. 'ಹೇಗಿತ್ತು?' ಎಂದೆ. 'ಮಧ್ಯೆ ಒಂದು ಹತ್ತು ನಿಮಿಷ ನಿದ್ದೆ ಬಂತು ರೀ, ಸುಳ್ಳು ಯಾಕೆ ಹೇಳ್ಲಿ' ಎಂದರು. ಆಮೇಲೆ ಕಪ್ಪು ಕೆಳಗಿಟ್ಟು, 'ಮುಂದಿನ ಸಲ ಘಟಶ್ರಾದ್ಧಾನಾ?' ಎಂದು ಕೇಳಿದರು.

ಇಲ್ಲಿ ನಮಗೆ ಸಹಾಯಧನ ಕೊಡುವ ಕನ್ನಡ ಸರ್ಕಾರವಿಲ್ಲ, ಭಾನುವಾರದ ದೂರದರ್ಶನವಿಲ್ಲ, ಕಡ್ಡಾಯದ ಕಾನೂನೂ ಇಲ್ಲ. ನಮ್ಮ ಸಂಘದ ಸದಸ್ಯತ್ವದ ಹಣವೇ ಸಹಾಯಧನ, ನಮ್ಮ ಸಮಿತಿಯೇ ವಾರ್ತಾ ಇಲಾಖೆ. ಹಾಡು, ಕುಣಿತ, ದೊಡ್ಡ ತಾರೆಯರ ಚಿತ್ರ ಎಲ್ಲವೂ ಇರಲಿ, ನಾನೂ ಮೊದಲ ಸಾಲಿನಲ್ಲೇ ಕೂರುತ್ತೇನೆ. ವರ್ಷಕ್ಕೊಂದು ಭಾನುವಾರ ಮಾತ್ರ, ಟಿಕೆಟ್ ಎಷ್ಟು ಹೋಯಿತೆಂದು ಲೆಕ್ಕ ಕೇಳದೆ, ಒಂದು ಸಣ್ಣ ಸಂದಿ ಬಿಟ್ಟುಕೊಡಿ ಎನ್ನುವುದಷ್ಟೇ ನನ್ನ ಕೋರಿಕೆ. ಒಳ್ಳೆಯದು ಬೆಳೆದದ್ದೆಲ್ಲ ಅಂಥ ಸಂದಿಗಳಲ್ಲೇ.

ಹಬ್ಬ ಸಂತೋಷವಾಗಿ ಕಳೆಯಲಿ. ತುಪ್ಪದ ವಿಷಯ ಮುಂದಿನ ವರ್ಷ ಮಾತಾಡೋಣ.